ಕಾದ ಮೇಲೆ ಹಟ ಹಿಡಿಯುವ ಗಾಡಿ

ಸಗಾನಾ ಇಳಿಜಾರು

ಕಲ್ಲು ಎರಡು ಮುಷ್ಟಿಯಷ್ಟಿತ್ತು. ಒಂದು ಮೈ ಚಪ್ಪಟೆ. ಇನ್ನೊಂದು ಮೈಯ ಮೇಲೆ ಟೈರಿನ ರಬ್ಬರು ತಿಕ್ಕಿ ತಿಕ್ಕಿ ಕಪ್ಪು ಹೊಳಪು ಬಂದಿತ್ತು. ಪಿಕಪ್ಪಿನಲ್ಲಿ ನಾನು ಕಾಲಿಡಬೇಕಾದ ಜಾಗದಲ್ಲೇ ಅದು ಕೂತಿತ್ತು. ಹಿಂದಕ್ಕೆ ಹಾಕಲೇ ಎಂದು ಕೇಳಿದೆ. ಡ್ರೈವರು ಬೇಡವೆಂದು ತಲೆಯಾಡಿಸಿದರು. ಒಂದು ಕಾಲು ಕಲ್ಲಿನ ಈಚೆ, ಇನ್ನೊಂದು ಆಚೆ ಇಟ್ಟುಕೊಂಡು ನೈರೋಬಿ ವಿಮಾನ ನಿಲ್ದಾಣದಿಂದ ಹೊರಟೆ.

ಡ್ರೈವರ ಹೆಸರು ವಂಜಿರು. ಐವತ್ತು ದಾಟಿದ ಹೆಂಗಸು, ತಲೆಗೆ ಹಳದಿ ವಸ್ತ್ರ, ಬಲಗೈಗೆ ಗಂಡಸರ ಗಡಿಯಾರ. ಕೆನ್ಯಾದ ಮ್ವೇಯಾ ಎಂಬಲ್ಲಿ ಭತ್ತ ಬೆಳೆಯುವ ರೈತರ ಸಹಕಾರ ಸಂಘಕ್ಕೆ ಎಂಟು ವರ್ಷದಿಂದ ಪಿಕಪ್ ಓಡಿಸುತ್ತಿದ್ದರು. ನಾನು ಹೋಗಿದ್ದು ಅಲ್ಲಿಯ ಮಣ್ಣು ನೋಡುವುದಕ್ಕೆ. ಕಾಲುವೆಯ ಕೊನೆಯ ಗದ್ದೆಗಳಲ್ಲಿ ಸವಳು, ಅಂದರೆ ಮಣ್ಣಿನ ಉಪ್ಪು, ಏರುತ್ತಿದೆ ಎಂದು ಅವರ ದೂರು. ನಮ್ಮ ಸಿಂಧನೂರು ಸೀಮೆಯ ಗದ್ದೆಗಳ ಸವಳಿನ ಮೇಲೆ ನಾನು ಮೂರು ವರ್ಷ ಕೆಲಸ ಮಾಡಿದ್ದೆ. ಎರಡೂ ಕಡೆ ಒಂದೇ ಎರೆಮಣ್ಣು, ಒಂದೇ ಕಾಲುವೆ ನೀರು, ಒಂದೇ ಭತ್ತ. ಹೋಲಿಸಿ ನೋಡಿ ಬಾ ಎಂದು ನಮ್ಮ ಕಚೇರಿಯವರು ಒಂದು ವಾರಕ್ಕೆ ಕಳಿಸಿದ್ದರು. ಅದು ನನ್ನ ಮೊದಲ ವಿದೇಶ ಪ್ರಯಾಣ.

ಸಗಾನಾ ಎಂಬ ಊರಿನ ಹತ್ತಿರ ರಸ್ತೆ ಇಳಿಜಾರಾಗುತ್ತದೆ. ಆ ಇಳಿಜಾರಿನ ನೆತ್ತಿಯಲ್ಲಿ ಒಂದು ತಗಡಿನ ಚಹಾದಂಗಡಿ. ವಂಜಿರು ಗಾಡಿಯ ಮೂತಿಯನ್ನು ಇಳಿಜಾರಿಗೆ ಮಾಡಿ ನಿಲ್ಲಿಸಿ, ಇಳಿದು ಬಂದು ನನ್ನ ಕಾಲ ಹತ್ತಿರದ ಕಲ್ಲನ್ನು ತೆಗೆದುಕೊಂಡು ಮುಂದಿನ ಚಕ್ರಕ್ಕೆ ಆನಿಸಿದರು. ಎಂಜಿನ್ ಬಂದ್ ಮಾಡಲಿಲ್ಲ. ಅಂಗಡಿಯ ಮುಂದೆ ಬೆಂಚಿತ್ತು. ಅದರ ಒಂದು ಕಾಲು ಮೋಟು. ಕೂತ ಕೂಡಲೇ ವಾಲಿ ನನ್ನ ಚಹಾದ ಅರ್ಧ ಸೆರಗಿನ ಮೇಲೆ ಚೆಲ್ಲಿತು. ಅಂಗಡಿಯ ಹೆಂಗಸು, ಪಕ್ಕದಲ್ಲಿ ಕೂತಿದ್ದ ಇಬ್ಬರು ಗಂಡಸರು, ಆಗ ತಾನೇ ಬಸ್ಸಿನಿಂದಿಳಿದ ಒಬ್ಬ ಮುದುಕ, ಎಲ್ಲರೂ ಒಬ್ಬರಾದ ಮೇಲೊಬ್ಬರು "ಪೋಲೆ" ಎಂದರು.

ಕ್ಷಮಿಸಿ ಎನ್ನುತ್ತಿದ್ದಾರೆಂದು ತಿಳಿದು, ತಪ್ಪು ನಿಮ್ಮದಲ್ಲ ಎಂದೆ. ವಂಜಿರು ಇಂಗ್ಲಿಷಿನಲ್ಲಿ ತಿದ್ದಿದರು. ಅದು ತಪ್ಪೊಪ್ಪಿಗೆ ಅಲ್ಲವಂತೆ. ಯಾರಿಗಾದರೂ ಏನಾದರೂ ತ್ರಾಸಾದರೆ, ಎಡವಿದರೆ, ಜ್ವರ ಬಂದರೆ, ಬಸ್ಸು ತಪ್ಪಿದರೆ, ನೋಡಿದವರು ಹೇಳಬೇಕಾದ ಮಾತು. ನಿನಗಾದದ್ದನ್ನು ನಾನು ನೋಡಿದೆ ಎಂದು ಅರ್ಥ. ನಮ್ಮಲ್ಲಿ ಎಡವಿದವರಿಗೆ ಮೊದಲು ಹೇಳುವುದು ನೋಡಿ ನಡೆಯಬಾರದೇ ಎಂದು. ಆಮೇಲೆ ಕೈ ಹಿಡಿದು ಎಬ್ಬಿಸುತ್ತೇವೆ.

ಅವರ ಭಾಷೆಯ ಮಿಕ್ಕ ಮಾತುಗಳು ಅಷ್ಟು ಹೊಸವೆನಿಸಲಿಲ್ಲ. ಗಾಡಿಗೆ ಅವರು ಗಾರಿ ಎನ್ನುತ್ತಾರೆ, ಅಂಗಡಿಗೆ ದುಕಾ, ಸಮಾಚಾರಕ್ಕೆ ಹಬಾರಿ, ಔಷಧಕ್ಕೆ ದಾವಾ, ಲೆಕ್ಕಕ್ಕೆ ಹೆಸಾಬು. ಬೆಂಗಳೂರಿನವರಿಗೆ ಇವು ಪರಭಾಷೆ. ಖಬರು, ದವಾ, ಹಿಸಾಬು, ದುಕಾನು ಎಂದು ಮಾತಾಡುವ ಮಸ್ಕಿಯಲ್ಲಿ ಬೆಳೆದ ನನಗೆ ಸಮುದ್ರದ ಆಚೆಯಿಂದ ಯಾರೋ ನಮ್ಮ ಓಣಿಯ ಮಾತನ್ನು ತುಸು ತಿರುಚಿ ಆಡಿದಂತಿತ್ತು.

ವಂಜಿರು ಚಹಾ ಕುಡಿದದ್ದು ನಿಂತುಕೊಂಡು, ಒಂದು ಕೈಯನ್ನು ನಡುಗುವ ಬಾನೆಟ್ಟಿನ ಮೇಲಿಟ್ಟು. ಎಂಜಿನ್ ಯಾಕೆ ಬಂದ್ ಮಾಡಲಿಲ್ಲವೆಂದು ನಾನು ಕೇಳಲಿಲ್ಲ. ಇಳಿಜಾರಿನಲ್ಲಿ ನಿಂತ ಪಿಕಪ್, ಚಕ್ರಕ್ಕೆ ಆನಿಸಿದ ಕಲ್ಲು, ನಿಂತು ಕುಡಿಯುವ ಚಹಾ. ಇದನ್ನೆಲ್ಲ ನಾನು ಮೊದಲೇ ಎಲ್ಲೋ ನೋಡಿದ್ದೆ.

ಸಂಘದ ಅಂಗಳ

ಮ್ವೇಯಾದಲ್ಲಿ ಬೆಳಿಗ್ಗೆ ಏಳಕ್ಕೆ ಹೊರಗೆ ಬಂದರೆ ಉತ್ತರಕ್ಕೆ ಹಿಮದ ಶಿಖರ ಸ್ವಚ್ಛವಾಗಿ ಕಾಣುತ್ತದೆ. ಒಂಬತ್ತಕ್ಕೆ ಮೋಡ ಮುಚ್ಚುತ್ತದೆ, ಮತ್ತೆ ದಿನವಿಡೀ ಕಾಣುವುದಿಲ್ಲ. ತಡವಾಗಿ ಏಳುವ ಅತಿಥಿಗಳು ಬೆಟ್ಟವೇ ಇಲ್ಲವೆಂದು ವಾದಿಸಿದ್ದೂ ಉಂಟಂತೆ. ಇದನ್ನು ಹೇಳಿದವರು ಸಂಘದ ಅಧ್ಯಕ್ಷರು. ನಿವೃತ್ತ ಶಾಲಾ ಮಾಸ್ತರು, ಊರೆಲ್ಲ ಅವರನ್ನು ಮ್ವಾಲಿಮು, ಅಂದರೆ ಗುರುಗಳು ಎಂದೇ ಕರೆಯುತ್ತದೆ. ಇಸ್ತ್ರಿ ಮಾಡಿದ ಅಂಗಿಯ ಜೇಬಿನಲ್ಲಿ ಕೆಂಪು, ನೀಲಿ ಎರಡು ಪೆನ್ನು.

ಮಂಗಳವಾರ ಬೆಳಿಗ್ಗೆ ಅವರು ನನ್ನನ್ನು ಕೂರಿಸಿಕೊಂಡು ಗುಗ್ಗರಿಯಂಥ ತಿಂಡಿ ತಿನ್ನಿಸಿದರು. ಮೆಕ್ಕೆಜೋಳ ಮತ್ತು ಅವರೆಯ ಜಾತಿಯ ಕಾಳು, ಬೇಯಿಸಿ ಉಪ್ಪು ಹಾಕಿದ್ದು. ಕಾಲುವೆಯ ನಕ್ಷೆ ತೋರಿಸಿದರು. ನಕ್ಷೆಯ ಕೊನೆಯಲ್ಲಿ, ತುಸು ಸಂಕೋಚದಿಂದ, ವಂಜಿರು ನನ್ನನ್ನು ದಾರಿಯಲ್ಲಿ ಎಲ್ಲಾದರೂ ಕೈಬಿಟ್ಟರೇ ಎಂದು ವಿಚಾರಿಸಿದರು. ಇಲ್ಲ ಎಂದೆ.

ಅವರು ವಿವರಿಸಿದ್ದು ಹೀಗೆ. ಎರಡು ವರ್ಷದಿಂದ ಪಿಕಪ್ ಒಮ್ಮೆ ಬಂದ್ ಮಾಡಿದರೆ ಮತ್ತೆ ಚಾಲೂ ಆಗದೆ ಗದ್ದೆಗಳ ನಡುವೆ ನಿಂತುಬಿಡುತ್ತದೆ. ಸಸಿ ಒಣಗಿದ್ದಿದೆ, ಹಾಲು ಒಡೆದದ್ದಿದೆ. ಹೊಸ ಬ್ಯಾಟರಿ ಹಾಕಿಸಿದರು. ಎಂಜಿನ್ ತಿರುಗಿಸುವ ಸ್ಟಾರ್ಟರನ್ನು ಬಿಚ್ಚಿಸಿ ಸರಿಮಾಡಿಸಿದರು. ಆದರೂ ನಿಲ್ಲುತ್ತದೆ. ಆದರೆ ಪ್ರತಿ ಶುಕ್ರವಾರ ಬೆಳಿಗ್ಗೆ ಎಂಟಕ್ಕೆ ಕಮಿಟಿ ಸೇರಿದಾಗ ಅಧ್ಯಕ್ಷರು ತಾವೇ ಕೀಲಿ ತಿರುಗಿಸಿ ನೋಡುತ್ತಾರೆ. ಒಂದೇ ಏಟಿಗೆ ಚಾಲೂ. ಎರಡು ವರ್ಷದಲ್ಲಿ ಒಮ್ಮೆಯೂ ತಪ್ಪಿಲ್ಲ. ಹಾಗಾದರೆ ಗಾಡಿಯಲ್ಲಿ ದೋಷವಿಲ್ಲ. ದೋಷ ಇರುವುದು ಕೈಯಲ್ಲಿ. ಜೊತೆಗೆ, ವಂಜಿರು ನಿಂತಲ್ಲೆಲ್ಲ ಎಂಜಿನ್ ಓಡಿಸಿಟ್ಟು ಡೀಸೆಲ್ ಸುಡುತ್ತಾರೆ ಎಂದು ರೈತರ ದೂರು ಬೇರೆ. ಈ ಶುಕ್ರವಾರ ಕೀಲಿಯನ್ನು ಬೇರೆ ಡ್ರೈವರಿಗೆ ಕೊಡುವುದೆಂದು ಹೆಚ್ಚುಕಡಿಮೆ ತೀರ್ಮಾನವಾಗಿತ್ತು.

ಅವರು ಕೆಟ್ಟವರಲ್ಲ. ಹೇಳುವಾಗ ಮುಖ ಬಾಡಿತ್ತು. ಪರೀಕ್ಷೆ ಮಾಡಿ, ಫಲಿತಾಂಶ ನೋಡಿ, ತೀರ್ಮಾನಕ್ಕೆ ಬಂದಿದ್ದರು. ನಾನು ಕಲಿತ ವಿಧಾನವೂ ಅದೇ.

ಕೊನೆಯ ಗದ್ದೆ

ಬುಧವಾರದ ತಪ್ಪು ನನ್ನದು.

ಸಂಘದ ಅಂಗಳದಿಂದ ಒಂಬತ್ತು ಕಿಲೋಮೀಟರು ದೂರದ ಕೊನೆಯ ಗದ್ದೆಗಳಿಗೆ ಹೋಗಿದ್ದೆವು. ಮರವಿಲ್ಲ, ಏರಿಲ್ಲ, ಇಳಿಜಾರಿಲ್ಲ. ಹಂಚಿನಂತೆ ಸಪಾಟಾದ ಕರಿನೆಲ. ನಮ್ಮ ಸೀಮೆಯ ವಳಕಮದಿನ್ನಿಯ ಕಡೆಯ ಗದ್ದೆಬಯಲನ್ನು ತಂದು ಹಾಸಿದ ಹಾಗಿತ್ತು, ಬೆಳ್ಳಕ್ಕಿಗಳೂ ಸೇರಿ. ವಂಜಿರು ಒಬ್ಬ ರೈತನನ್ನು ಕರೆತರಲು ಬದುವಿನ ಮೇಲೆ ನಡೆದುಹೋದರು. ನಾನು ಪಿಕಪ್ಪಿನ ಹಿಂದೆ ಮಣ್ಣಿನ ಚೀಲಗಳಿಗೆ ಚೀಟಿ ಕಟ್ಟುತ್ತಿದ್ದೆ. ಎಂಜಿನಿನ ಹೊಗೆ ನೇರ ಮುಖಕ್ಕೆ ಬರುತ್ತಿತ್ತು. ಹತ್ತು ನಿಮಿಷ ಸಹಿಸಿದೆ. ಆಮೇಲೆ ಅಡುಗೆಮನೆಯ ದೀಪ ಆರಿಸುವಷ್ಟು ಸಹಜವಾಗಿ ಕೈ ಒಳಗೆ ಹಾಕಿ ಕೀಲಿ ತಿರುಗಿಸಿ ಬಂದ್ ಮಾಡಿದೆ.

ಸದ್ದು ನಿಂತದ್ದೇ ವಂಜಿರು ದೂರದ ಬದುವಿನ ಮೇಲೆ ನಿಂತುಬಿಟ್ಟರು. ತಿರುಗಿ ನೋಡಿದರು. ಓಡಲಿಲ್ಲ, ಕೂಗಲಿಲ್ಲ, ನಡೆದುಕೊಂಡೇ ಬಂದರು. ಬಂದವರು ಕೀಲಿ ತಿರುಗಿಸಿದರು. ಗರಗರ ಗರಗರ ಎಂದಿತು, ಹೊತ್ತಲಿಲ್ಲ. ಇನ್ನೊಮ್ಮೆ. ಮತ್ತೊಮ್ಮೆ. ಆಮೇಲೆ ನನ್ನ ಕಡೆ ತಿರುಗಿ, "ಪೋಲೆ" ಎಂದರು.

ಬೈದಿದ್ದರೆ ಚೆನ್ನಾಗಿತ್ತು.

ಸುತ್ತಲ ಗದ್ದೆಗಳಿಂದ ಜನ ಬಂದರು. ಮೊದಲು ಎಲ್ಲರೂ ಪೋಲೆ ಹೇಳಿ ಮುಗಿಸಿದರು. ಆಮೇಲೆ ಎಲ್ಲರೂ ಬ್ಯಾಟರಿ ಎಂದರು. ನಮ್ಮ ಕಡೆಯ ಗೊರೇಬಾಳದಲ್ಲಿ ಗಾಡಿ ನಿಂತರೆ ಜನ ಮೊದಲು ಯಾವೂರು ಎಂದು ಕೇಳುತ್ತಾರೆ, ಯಾರ ಪೈಕಿ ಎಂದು ಕೇಳುತ್ತಾರೆ, ಆಮೇಲೆ ಬ್ಯಾಟರಿ ಎನ್ನುತ್ತಾರೆ. ಎಂಟು ಮಂದಿ ನೂಕಿದರು. ಎರೆಮಣ್ಣಿನಲ್ಲಿ ಚಕ್ರ ಅರ್ಧ ಗೇಣು ಇಳಿಯಿತೇ ಹೊರತು ಗಾಡಿ ಓಡಲಿಲ್ಲ. ನೂಕಿದವರೆಲ್ಲ ಮತ್ತೆ ಪೋಲೆ ಎಂದು ತಮ್ಮ ಕೆಲಸಕ್ಕೆ ಹೋದರು.

ಗಾಡಿಯ ನೆರಳಿನಲ್ಲಿ ನಾವಿಬ್ಬರೇ ಕೂತೆವು. ತಣ್ಣಗಾಗಲು ಒಂದು ಗಂಟೆ ಹತ್ತು ನಿಮಿಷ ಬೇಕು, ನೆಲ ಕಾದಿದ್ದರೆ ಇನ್ನೂ ಹೆಚ್ಚು ಎಂದು ವಂಜಿರು ಹೇಳಿದರು. ಅಷ್ಟು ಖಚಿತವಾಗಿ ಗೊತ್ತಿದೆಯೆಂದರೆ ಎಷ್ಟು ಸಲ ಹೀಗೆ ಕೂತಿರಬೇಕು. ಕಾದ ಮೇಲೆ ಮಾತ್ರ ಹೀಗೆ ಮಾಡುತ್ತದೆ ಎಂದು ಕಮಿಟಿಗೆ ಹೇಳಲಿಲ್ಲವೇ ಎಂದು ಕೇಳಿದೆ. ಹೇಳಿದ್ದರು. ಗಾಡಿಗೆ ಬೆಳಿಗ್ಗೆ ಒಂದು ಬುದ್ಧಿ, ಮಧ್ಯಾಹ್ನ ಒಂದು ಬುದ್ಧಿ ಇರುತ್ತದೆಯೇ ಎಂದು ಕಾರ್ಯದರ್ಶಿ ನಕ್ಕಿದ್ದನಂತೆ.

"ನೀವು ನೋಡಿದಿರಲ್ಲ, ಇಲ್ಲಿ ಚಹಾ ಚೆಲ್ಲಿದರೂ ಪೋಲೆ ಅನ್ನುತ್ತಾರೆ," ಎಂದರು ವಂಜಿರು. "ಎರಡು ವರ್ಷದಲ್ಲಿ ಕಮಿಟಿಯ ಆ ಐದು ಜನರಲ್ಲಿ ಒಬ್ಬರೂ ನನಗೆ ಅಂದಿಲ್ಲ."

ಗಂಡ ತೀರಿಕೊಂಡ ವರ್ಷ ಓಡಿಸಲು ಕಲಿತದ್ದು, ಆ ಭಾಗದಲ್ಲಿ ಪಿಕಪ್ ಓಡಿಸುವ ಹೆಂಗಸು ತಾನೊಬ್ಬಳೇ ಎಂಬುದು, ಕೀಲಿ ಹೋದರೆ ಮತ್ತೆ ಯಾರೂ ಇನ್ನೊಂದು ಕೀಲಿ ಕೊಡುವುದಿಲ್ಲ ಎಂಬುದು, ಇದನ್ನೆಲ್ಲ ಅವರು ಹವಾಮಾನದ ಸುದ್ದಿಯಂತೆ ಹೇಳಿದರು. ನಾನು ಕಲ್ಲನ್ನೇ ನೋಡುತ್ತಿದ್ದೆ. ಆಗ ನೆನಪಾಯಿತು.

ನನಗೆ ಒಂಬತ್ತು ವರ್ಷವಿದ್ದಾಗ ಅಪ್ಪ ಸಿಂಧನೂರಿನ ಒಂದು ಬೀಜದ ಅಂಗಡಿಗೆ ಪಿಕಪ್ ಓಡಿಸುತ್ತಿದ್ದ. ಶಾಲೆಗೆ ರಜೆ ಇದ್ದಾಗ ಮಸ್ಕಿ, ಲಿಂಗಸುಗೂರು ಕಡೆಯ ಫೇರಿಗೆ ನಾನೂ ಹತ್ತುತ್ತಿದ್ದೆ. ಆ ಪಿಕಪ್ಪಿನಲ್ಲೂ ಇಂಥದೇ ಒಂದು ಕಲ್ಲಿತ್ತು. ಅಪ್ಪ ಕಾಲುವೆ ಏರಿಯ ಇಳಿಜಾರು ಹುಡುಕಿ ನಿಲ್ಲಿಸುತ್ತಿದ್ದ, ನಿಂತು ಚಹಾ ಕುಡಿಯುತ್ತಿದ್ದ. ಒಮ್ಮೆ ಲಿಂಗಸುಗೂರಿನಲ್ಲಿ ಮಧ್ಯಾಹ್ನ ಗಾಡಿ ಸತ್ತಾಗ ಖಾದರ್ ಮಿಸ್ತ್ರಿ ಎಂಬುವವರು ಬಾನೆಟ್ ಎತ್ತಿ, ನನ್ನ ಕೈಗೆ ನೀರಿನ ಚರಿಗೆ ಕೊಟ್ಟು, ಒಂದು ಹಸಿ ಗೋಣಿತಟ್ಟು ತಂದು ಒಳಗೆ ಎಲ್ಲಿಗೋ ಹೊದಿಸಿದ್ದರು. ಸ್ವಲ್ಪ ಹೊತ್ತಿಗೆ ಗಾಡಿ ಚಾಲೂ ಆಗಿತ್ತು. ತಟ್ಟಿನಿಂದ ಎದ್ದ ಉಗಿಯ ವಾಸನೆ ನೆನಪಿತ್ತು. ತಟ್ಟನ್ನು ಯಾವುದರ ಮೇಲೆ ಹೊದಿಸಿದರು ಎಂಬುದು ಮಾತ್ರ ನೆನಪಾಗಲಿಲ್ಲ.

ಗೊತ್ತಿಲ್ಲದ್ದನ್ನು ಗೊತ್ತಿದ್ದಂತೆ ಹೇಳುವ ಸ್ವಭಾವ ನನ್ನದಲ್ಲ.  ಒಂದು ಗಂಟೆ ಹದಿನಾಲ್ಕು ನಿಮಿಷಕ್ಕೆ ಎಂಜಿನ್ ಹೊತ್ತಿತು.

ಫೋನಿನಲ್ಲಿ ಮಸ್ಕಿ

ಅಲ್ಲಿ ಸಂಜೆ ಐದಾದರೆ ಮಸ್ಕಿಯಲ್ಲಿ ಏಳೂವರೆ. ಅಪ್ಪ ಈಗಿನ ಸರಕಾರಿ ಹಾಸ್ಟೆಲ್ಲಿನ ಕೆಲಸ ಮುಗಿಸಿ ಮನೆಗೆ ಬಂದಿರುವ ಹೊತ್ತು. ಫೋನ್ ಎತ್ತಿದ್ದು ಅವ್ವ. ಏನು ಉಣ್ಣುತ್ತೀ ಎಂದು ಕೇಳಿದಳು. ಸಂಗಟಿಯಂಥದೇ, ಆದರೆ ಮೆಕ್ಕೆಜೋಳದ್ದು ಎಂದೆ. ಜೋಳದ್ದಲ್ಲವೇ ಎಂದು ಮರುಗಿ ಅಪ್ಪನ ಕೈಗೆ ಕೊಟ್ಟಳು.

"ಅಪ್ಪಾ, ಆ ಬೀಜದ ಅಂಗಡಿ ಪಿಕಪ್ಪಿನ್ಯಾಗ ಖಾದರ್ ಮಿಸ್ತ್ರಿ ಹಸಿ ತಟ್ಟು ಹೊದಿಸಿದ್ರಲ್ಲ, ಯಾವದರ ಮ್ಯಾಲ ಹೊದಿಸಿದ್ರು?"

ಅಪ್ಪ, "ಯಾಕ ಸುಜಾತಾ, ಮಣ್ಣ ನೋಡಾಕ ಹೋದಾಕಿ ಡ್ರೈವರ್ ಆಗಿಯೇನು?" ಎಂದ.

ಹಿಂದಿನಿಂದ ಅವ್ವ, "ಯಾರ, ಇಕಿನಾ? ಇಕಿ ಸೈಕಲ್ ಹತ್ತಿದ್ರ ನನ್ನ ಎದಿ ಡವಡವ ಅಂತಿತ್ತು," ಎಂದಳು.

ನಡೆದದ್ದನ್ನು ಹೇಳಿದೆ. ಅಪ್ಪನ ದನಿ ಬದಲಾಯಿತು. ನಾಡಿ ಹಿಡಿದು ಕೂತ ವೈದ್ಯನ ಹಾಗೆ ಒಂದೊಂದೇ ಕೇಳತೊಡಗಿದ.

"ಕೀಲಿ ತಿರುವಿದಾಗ ಸೆಲ್ಫ್ ಹೆಂಗ ತಿರಗತೈತಿ? ಮುದುಕಿ ಎದ್ದಂಗೋ, ಹುಡುಗಿ ಓಡಿದಂಗೋ?"

"ಓಡಿದಂಗ."

"ಹಂಗಾದ್ರ ಬ್ಯಾಟ್ರಿ ಬಿಡು. ಸೆಲ್ಫ್ ಬಿಡು. ಹಿಂದ ಸೈಲೆನ್ಸರಿನ್ಯಾಗ ಹೊಗಿ ಬರತೈತೇನು?"

"ಒಂದು ಎಳಿನೂ ಇಲ್ಲ."

"ಹೊಗಿ ಇಲ್ಲಂದ್ರ ಒಳಗ ಡೀಸೆಲ್ ಹೋಗವಲ್ದು. ಪೈಪಿನ್ಯಾಗ ಗಾಳಿ ಹೊಕ್ಕಿದ್ರ ಮುಂಜಾನೆನೂ ತ್ರಾಸ ಕೊಡತಿತ್ತು. ಮುಂಜಾನೆ ಒಂದ ಏಟಿಗೆ ಆಗತೈತಿ ಅಂತೀ. ಅದು ಡೀಸೆಲ್ ಪಂಪು. ಒಳಗ ಸವದೈತಿ. ತಣ್ಣಗಿದ್ದಾಗ ಡೀಸೆಲ್ ಮಂದ ಇರತೈತಿ, ಪಂಪು ತಳ್ಳತೈತಿ. ಕಾದ ಮ್ಯಾಲ ತೆಳ್ಳಗಾಗಿ ಸಂದಿನ್ಯಾಗ ಹಿಂದ ಜಾರತೈತಿ. ಇಳಿಜಾರಿನ್ಯಾಗ ಬಿಟ್ರ ಎಂಜಿನ್ ಜೋರ್ ತಿರಗತೈತಿ, ಅದಕ್ಕ ಹತ್ತಿಕೊಂತೈತಿ."

ನಾನು ವಹಿಯಲ್ಲಿ ಬರೆದುಕೊಂಡೆ. ತಟ್ಟು ಪಂಪಿನ ಮೇಲೆ. ಎಂಜಿನ್ ಬಂದ್ ಆದ ಮೇಲೆ ಮಾತ್ರ. ಕೊಡ ಎತ್ತಿ ಸುರಿಯಬಾರದು, ಕಾದ ಲೋಹ ಒಮ್ಮೆಲೇ ಕುಗ್ಗಿದರೆ ಪಂಪು ಬಿಗಿದುಕೊಳ್ಳುತ್ತದೆ. ಚರಿಗೆಯಿಂದ ತಟ್ಟಿನ ಮೇಲೆ ಸ್ವಲ್ಪಸ್ವಲ್ಪವೇ. ಪಕ್ಕದ ಡೈನಮೋ ಮೇಲೆ ಹನಿ ಬೀಳಬಾರದು. ಮತ್ತೆ, ಇದು ರಿಪೇರಿ ಅಲ್ಲ, ರೋಗ ಯಾವುದೆಂದು ತಿಳಿಯುವ ಉಪಾಯ ಅಷ್ಟೇ. ಪಂಪು ಬಿಚ್ಚಿಸಲೇಬೇಕು.

"ನಿನ್ನ ಮಾಲಕರು ಬಿಚ್ಚಿಸಿದ್ರೇನು?" ಎಂದು ಕೇಳಿದೆ.

"ಇಲ್ಲ. ಖಾದರ್ ಮಿಸ್ತ್ರಿ ಹೇಳಿದ್ದು ನಾ ಹೋಗಿ ಹೇಳಿದೆ. ಮಾಲಕ ಮುಂಜಾನೆ ಅಂಗಡಿಗೆ ಬಂದು ತಾನ ಕೀಲಿ ತಿರುವಿದ. ಒಂದ ಏಟಿಗೆ ಚಾಲೂ ಆತು. ಎಲ್ಲಾರೂ ನಕ್ರು. ನಾ ಕೀಲಿ ಗಲ್ಲಾ ಮ್ಯಾಲ ಇಟ್ಟು ಬಸ್ ಹತ್ತಿ ಬಂದೆ."

ಹಾಸ್ಟೆಲ್ಲಿನ ಸರಕಾರಿ ಕೆಲಸ ಸಿಕ್ಕಿದ್ದರಿಂದ ಅಪ್ಪ ಗಾಡಿ ಬಿಟ್ಟ ಎಂದೇ ಇಷ್ಟು ವರ್ಷ ತಿಳಿದಿದ್ದೆ. ಬಿಟ್ಟದ್ದು ಮೊದಲು, ಸಿಕ್ಕಿದ್ದು ಆಮೇಲೆ. ನಡುವೆ ಹನ್ನೊಂದು ತಿಂಗಳು. ಅದು ಹಿಂದಿನಿಂದ ಅವ್ವ ಕೂಗಿ ಹೇಳಿದ್ದರಿಂದ ತಿಳಿಯಿತು. ಅಪ್ಪ ಅದನ್ನು ಮುಂದುವರಿಸಲಿಲ್ಲ, ನಾನೂ ಕೇಳಲಿಲ್ಲ. ನಮ್ಮಿಬ್ಬರದೂ ಒಂದೇ ಗುಣ.

ಫೋನ್ ಇಡುವ ಮುನ್ನ ಅಪ್ಪ ಅಂದ, "ನಾ ಒಂದ ತಪ್ಪು ಮಾಡಿದೆ. ಮುಂಜಾನೆ ಎಲ್ಲಾ ಗಾಡಿನೂ ಶಾಣ್ಯಾ ಇರ್ತಾವ. ಮಾಲಕನ್ನ ಮಧ್ಯಾನದಾಗ ಕರಕೊಂಡು ಹೋಗಬೇಕಿತ್ತು. ಆ ಯವ್ವಗ ಹೇಳು."

ಗುರುವಾರ, ತೂಬಿನ ಹತ್ತಿರ

ಹೇಳಿದೆ. ವಂಜಿರು ಕೇಳಿಸಿಕೊಂಡರು, ನಂಬಲಿಲ್ಲ. ಎಂಜಿನಿಗೆ ನೀರು ಹಾಕುವುದೆಂದರೆ ಅವರಿಗೆ ಮಗುವಿಗೆ ಸೀಮೆಎಣ್ಣೆ ಕುಡಿಸಿದ ಹಾಗೆ. ಮೊದಲು ನಾವಿಬ್ಬರೇ ನೋಡೋಣ ಎಂದೆ.

ಕಾಲುವೆಯ ತೂಬಿನ ಹತ್ತಿರ ಒಂದು ಇಳಿಜಾರಿದೆ. ಏನಾದರೂ ಎಡವಟ್ಟಾದರೆ ಜಾರಿಸಿ ಚಾಲೂ ಮಾಡಬಹುದು. ಹನ್ನೆರಡು ಗಂಟೆಗೆ, ಎಂಜಿನ್ ಚೆನ್ನಾಗಿ ಕಾದಾಗ, ಅಲ್ಲಿ ನಿಲ್ಲಿಸಿ ಬಂದ್ ಮಾಡಿದರು. ಇಪ್ಪತ್ತು ನಿಮಿಷ ಬಿಟ್ಟು ಕೀಲಿ ತಿರುಗಿಸಿದರು. ಗರಗರ, ಹೊತ್ತಲಿಲ್ಲ. ನಾನು ಹಿಂದೆ ಹೋಗಿ ಸೈಲೆನ್ಸರ್ ನೋಡಿದೆ, ಹೊಗೆಯಿಲ್ಲ. ಬಾನೆಟ್ ಎತ್ತಿದೆವು. ಟ್ಯಾಂಕಿನ ಕಡೆಯಿಂದ ಬರುವ ಪೈಪಿನ ಜಾಡು ಹಿಡಿದು ಹೋದರೆ ಪಂಪು ಸಿಗುತ್ತದೆ ಎಂದು ಅಪ್ಪ ಹೇಳಿದ್ದ, ಸಿಕ್ಕಿತು. ಡೈನಮೋಗೆ ಪ್ಲಾಸ್ಟಿಕ್ ಚೀಲ ಮುಚ್ಚಿದೆವು. ಭತ್ತದ ಖಾಲಿ ಗೋಣಿಚೀಲವನ್ನು ಕಾಲುವೆಯಲ್ಲಿ ತೋಯಿಸಿ, ಹಿಂಡಿ, ನಾಲ್ಕು ಮಡಿಕೆ ಮಾಡಿ ಪಂಪಿಗೆ ಹೊದಿಸಿದೆವು. ಡಬ್ಬಿಯಿಂದ ನೀರು ಸ್ವಲ್ಪಸ್ವಲ್ಪವೇ ಬಿಟ್ಟೆವು. ಉಗಿ ಎದ್ದಿತು. ಅದೇ ವಾಸನೆ. ಸೆಣಬು, ಡೀಸೆಲ್, ಬಿಸಿ ಕಬ್ಬಿಣ.

ತಟ್ಟನ್ನು ಮೂರು ಸಲ ತೋಯಿಸಿದ್ದಾಯಿತು. ಹನ್ನೊಂದನೆಯ ನಿಮಿಷಕ್ಕೆ ವಂಜಿರು ಕೀಲಿ ತಿರುಗಿಸಿದರು. ಒಂದೇ ಏಟಿಗೆ ಹೊತ್ತಿತು.

ಅವರು ನಗುತ್ತಾರೆಂದು ಎದುರು ನೋಡಿದೆ. ಅವರು ಇಳಿದು ಬಂದು ತಟ್ಟನ್ನು ಹಿಂಡಿ ಹಿಂದೆ ಹಾಕಿದರು. ನಾಳೆ ಇದನ್ನೇ ಕಮಿಟಿಯವರ ಮುಂದೆ ಮಾಡೋಣ, ಮಧ್ಯಾಹ್ನದ ಬಿಸಿಲಲ್ಲಿ, ಇಳಿಜಾರಿಲ್ಲದ ಕೊನೆಯ ಗದ್ದೆಯಲ್ಲಿ ಎಂದೆ.

"ಒಂದು ಸಲ ಆದದ್ದು ಇನ್ನೊಂದು ಸಲ ಆಗದಿದ್ದರೆ?" ಎಂದರು. "ಐದು ಮಂದಿಯನ್ನು ಬಿಸಿಲಲ್ಲಿ ಕೂರಿಸಿ ಎಂಜಿನಿಗೆ ನೀರು ಹಾಕಿದ ಹುಚ್ಚಿ ಎಂದಾಗುತ್ತೇನೆ. ನೀವು ಶನಿವಾರ ವಿಮಾನ ಹತ್ತುತ್ತೀರಿ. ನಾನು ಇಲ್ಲೇ ಇರಬೇಕು."

 ಒಂದೇ ಪ್ರಯೋಗ ಸಾಲದು, ಇನ್ನೂ ಎರಡು ಮಾಡೋಣ ಎಂದಷ್ಟೇ ಹೇಳಿದೆ. ಸಂಜೆಯೊಳಗೆ ಇನ್ನೆರಡು ಸಲ ಕಾಯಿಸಿ, ಬಂದ್ ಮಾಡಿ, ತಟ್ಟು ಹೊದಿಸಿದೆವು. ಹತ್ತು ನಿಮಿಷ ಒಮ್ಮೆ, ಒಂಬತ್ತು ನಿಮಿಷ ಒಮ್ಮೆ. ಮೂರನೆಯದಕ್ಕೆ ತಟ್ಟು ಮಡಚಿದ್ದೂ ನೀರು ಬಿಟ್ಟದ್ದೂ ವಂಜಿರು ಒಬ್ಬರೇ. ನಾನು ಗಡಿಯಾರ ನೋಡಿದೆ.

ಮರಳುವಾಗ, ಮ್ವಾಲಿಮು ಬೆಳಿಗ್ಗೆ ಎಂಟರ ಸಭೆಯನ್ನು ಬಿಡುವವರಲ್ಲ ಎಂದರು ವಂಜಿರು. ಅದನ್ನು ನನಗೆ ಬಿಡಿ ಎಂದೆ. ನನ್ನ ಬಾಯಿಂದ ಅಂಥ ಮಾತು ಬರುವುದು ಅಪರೂಪ.

ಶುಕ್ರವಾರ ಮಧ್ಯಾಹ್ನ

ನಾನು ಸುಳ್ಳು ಹೇಳಲಿಲ್ಲ. ಸವಳು ನೆಲದ ಮೇಲೆ ಬಿಳಿಯಾಗಿ ಕಾಣಿಸುವುದು ಮೇಲ್ಮಣ್ಣು ಒಣಗಿದಾಗ, ನಡುಹಗಲಿನಲ್ಲಿ. ಮುಂಜಾನೆಯ ತೇವದಲ್ಲಿ ಅದು ಕಾಣುವುದಿಲ್ಲ. ನನ್ನ ವಾರದ ಕೆಲಸದ ಫಲವನ್ನು ಕಮಿಟಿಯವರು ಕಣ್ಣಾರೆ ನೋಡಬೇಕಾದರೆ ಸಭೆಯನ್ನು ಹನ್ನೆರಡಕ್ಕೆ ಕೊನೆಯ ಗದ್ದೆಯಲ್ಲಿ ನಡೆಸಬೇಕು ಎಂದು ಮ್ವಾಲಿಮು ಅವರನ್ನು ಕೇಳಿಕೊಂಡೆ. ಅತಿಥಿಯ ಮಾತು ತೆಗೆದುಹಾಕುವ ರೂಢಿ ಅವರಲ್ಲಿಲ್ಲ. ಎಂಟಕ್ಕೆ ಅಭ್ಯಾಸದಂತೆ ಕೀಲಿ ತಿರುಗಿಸಿ ನೋಡಿದರು. ಒಂದೇ ಏಟಿಗೆ ಚಾಲೂ. ನನ್ನ ಕಡೆ ನೋಡಿ ತಲೆಯಾಡಿಸಿದರು. ಬೆಟ್ಟ ಆಗಿನ್ನೂ ಕಾಣುತ್ತಿತ್ತು.

ಹನ್ನೆರಡಕ್ಕೆ ಕೊನೆಯ ಗದ್ದೆಯ ಪಕ್ಕ ವಂಜಿರು ಗಾಡಿ ನಿಲ್ಲಿಸಿ, ಕೀಲಿ ತಿರುಗಿಸಿ, ಬಂದ್ ಮಾಡಿದರು. ಸದ್ದು ನಿಂತದ್ದಕ್ಕೆ ಹಿಂದೆ ಕೂತಿದ್ದವರೆಲ್ಲ ಒಮ್ಮೆಲೇ ತಲೆ ಎತ್ತಿದರು. ಎರಡು ವರ್ಷದಲ್ಲಿ ಆ ನಿಶ್ಶಬ್ದ ಅವರು ಕೇಳಿರಲಿಲ್ಲ.

ಅರ್ಧ ಗಂಟೆ ಮಣ್ಣು ತೋರಿಸಿದೆ. ಬಿಳಿಯ ಪುಡಿ ಎಲ್ಲಿ, ಯಾಕೆ, ಬಸಿಗಾಲುವೆ ಎಲ್ಲಿ ತೋಡಬೇಕು. ಎಲ್ಲರೂ ಕೂತು ನೆಲ ಮುಟ್ಟಿ ನೋಡಿದರು. ಮುಗಿದ ಮೇಲೆ ಗಾಡಿ ಹತ್ತಿದರು. ವಂಜಿರು ಕೀಲಿಯನ್ನು ತಾವು ಹಾಕದೆ, ಮ್ವಾಲಿಮು ಅವರಿಗೆ ನೀಡಿ, ನೀವೇ ಮಾಡಿ ಎಂದರು.

ಮ್ವಾಲಿಮು ತಿರುಗಿಸಿದರು. ಗರಗರ. ಇನ್ನೊಮ್ಮೆ ತಿರುಗಿಸಿದರು. ನಾಲ್ಕನೆಯ ಸಲಕ್ಕೆ ಕಾರ್ಯದರ್ಶಿ, ಕೊಡಿ ಇಲ್ಲಿ ಎಂದು ಇಸಿದುಕೊಂಡು ತಾನೂ ಮೂರು ಸಲ ತಿರುಗಿಸಿದ. ಕೆಳಗಿಳಿದು ಬ್ಯಾಟರಿಯ ತಂತಿ ಅಲುಗಿಸಿದ. ಮತ್ತೆ ಗರಗರ. ಸುತ್ತಲೂ ನೆರಳಿಲ್ಲ. ಗದ್ದೆಯಲ್ಲಿದ್ದ ಇಬ್ಬರು ಹೆಂಗಸರು ಹತ್ತಿರ ಬಂದು ಐದೂ ಮಂದಿಗೆ ಒಬ್ಬೊಬ್ಬರಿಗಾಗಿ ಪೋಲೆ ಎಂದು ಹೋದರು. ಮ್ವಾಲಿಮು ಜೇಬಿನ ಎರಡೂ ಪೆನ್ನು ತೆಗೆದು ನೋಡಿ ಮತ್ತೆ ಜೇಬಿಗೇ ಇಟ್ಟುಕೊಂಡರು.

ಆಗ ವಂಜಿರು ಬಾನೆಟ್ ಎತ್ತಿದರು. ಯಾರ ಕಡೆಯೂ ನೋಡಲಿಲ್ಲ. ಡೈನಮೋಗೆ ಪ್ಲಾಸ್ಟಿಕ್ ಮುಚ್ಚಿದರು, ತಟ್ಟು ಮಡಚಿ ಹೊದಿಸಿದರು, ಡಬ್ಬಿ ಬಾಗಿಸಿದರು. ಕಾರ್ಯದರ್ಶಿ ಏನೋ ಅಂದ, ಒಬ್ಬಿಬ್ಬರು ನಕ್ಕರು. ವಂಜಿರು ಮಾತ್ರ ತಟ್ಟು ತೆಗೆದು ತೋಯಿಸಿ ಮತ್ತೆ ಹೊದಿಸಿದರು. ನಾನು ಕೈ ಕಟ್ಟಿ ನಿಂತಿದ್ದೆ, ಗಡಿಯಾರವನ್ನೇ ನೋಡುತ್ತ. ಒಂಬತ್ತು ನಿಮಿಷಕ್ಕೆ ಅವರು ನೋಡಿದರು, ಇನ್ನೂ ಇರಲಿ ಎಂದು ಕಣ್ಣಿನಲ್ಲೇ ಹೇಳಿದೆ. ಹನ್ನೆರಡನೆಯ ನಿಮಿಷಕ್ಕೆ ತಟ್ಟು ತೆಗೆದರು. ಕೀಲಿ ಮತ್ತೆ ಮ್ವಾಲಿಮು ಅವರ ಕೈಗೆ.

ಒಂದೇ ಏಟಿಗೆ ಹೊತ್ತಿತು.

ಮ್ವಾಲಿಮು ಬಂದ್ ಮಾಡಿ ಮತ್ತೆ ತಿರುಗಿಸಿದರು. ಹೊತ್ತಿತು. ಮೂರನೆಯ ಸಲವೂ ಹೊತ್ತಿತು. ಯಾಕೆ ಎಂದು ಕೇಳಿದರು. ವಂಜಿರ ವಿವರಣೆ ಚಿಕ್ಕದು, ಸರಿಯಾದದ್ದು. ತಣ್ಣಗಿದ್ದಾಗ ಡೀಸೆಲ್ ಮಂದ, ಕಾದಾಗ ತೆಳು, ಪಂಪಿನೊಳಗೆ ಸವೆತ. ಅಪ್ಪನ ಮಾತು ಕನ್ನಡ, ಇಂಗ್ಲಿಷ್ ದಾಟಿ ಅವರ ಭಾಷೆಯಲ್ಲಿ ಹೊರಬಂದರೂ, ಮ್ವಾಲಿಮು ಆಮೇಲೆ ನನಗೆ ಹೇಳಿದಂತೆ, ಒಂದು ಮಾತೂ ಹೆಚ್ಚುಕಡಿಮೆಯಾಗಿರಲಿಲ್ಲ. ಇದನ್ನು ಯಾರು ಹೇಳಿಕೊಟ್ಟರು ಎಂದು ಕಾರ್ಯದರ್ಶಿ ಕೇಳಿದ. ಭಾರತದಲ್ಲಿ ಒಬ್ಬ ಡ್ರೈವರ್ ಎಂದರು ವಂಜಿರು. ನನ್ನ ತಂದೆ ಎಂದು ನಾನು ಸೇರಿಸಲಿಲ್ಲ. ಡ್ರೈವರ್ ಎಂಬ ಪದವಿಯೇ ಅಪ್ಪನಿಗೆ ಹೆಚ್ಚು ಒಪ್ಪುತ್ತಿತ್ತು.

ಮ್ವಾಲಿಮು ಗಾಡಿಯಿಂದ ಇಳಿದರು. ಇಸ್ತ್ರಿಯ ಅಂಗಿ ಬೆನ್ನಿಗೆ ಅಂಟಿಕೊಂಡಿತ್ತು. ವಂಜಿರ ಮುಂದೆ ನಿಂತು, ಕೀಲಿಯನ್ನು ಎರಡೂ ಕೈಯಲ್ಲಿ ಹಿಡಿದು ಕೊಟ್ಟು, "ಪೋಲೆ, ವಂಜಿರು," ಎಂದರು. ಮತ್ತೆ, "ಎರಡು ವರ್ಷದ್ದು," ಎಂದರು.

ಉಳಿದವರೂ ಅಂದರು, ಒಬ್ಬರಾದ ಮೇಲೊಬ್ಬರು. ಕಾರ್ಯದರ್ಶಿ ಕೊನೆಗೆ. ವಂಜಿರು ಕೀಲಿ ತೆಗೆದುಕೊಂಡು, ಬಿಸಿಲು ಹೆಚ್ಚಾಗಿದೆ, ಬೇಗ ಹತ್ತಿ ಎಂದರು. ಸಭೆ ದಾರಿಯಲ್ಲೇ, ಗಾಡಿಯ ಹಿಂಬದಿಯಲ್ಲಿ ಮುಗಿಯಿತು. ನನ್ನನ್ನು ನೈರೋಬಿಗೆ ಬಿಟ್ಟು, ಹಾಗೆಯೇ ಪಂಪು ರಿಪೇರಿಯವರ ಹತ್ತಿರ ಹೋಗಿ ಬಿಚ್ಚಿಸಿಕೊಂಡೇ ಬರಬೇಕೆಂದು ವಂಜಿರಿಗೆ ಹೇಳಲಾಯಿತು.

ಸಂಜೆ ಅಪ್ಪನಿಗೆ ಫೋನ್ ಮಾಡಿ ಹೇಳಿದೆ. "ಎಷ್ಟು ಮಂದಿ ಇದ್ರು?" ಎಂದು ಕೇಳಿದ. ಐದು ಎಂದೆ. "ಎಲ್ಲಾರೂ ನೋಡಿದ್ರಾ?" ಎಂದ. ನೋಡಿದರು ಎಂದೆ. "ಹೂಂ," ಎಂದು ಫೋನನ್ನು ಅವ್ವನಿಗೆ ಕೊಟ್ಟ. ಸ್ವಲ್ಪ ಹೊತ್ತಿನ ಮೇಲೆ ಅವ್ವ ಪಿಸುದನಿಯಲ್ಲಿ ಹೇಳಿದಳು, "ನಿಮ್ಮಪ್ಪ ಅಂಗಳದಾಗ ಹೋಗಿ ನಿಂತಾನ. ಒಬ್ಬನ ನಗಾಕತ್ಯಾನ."

ಮರುದಿನ, ಮತ್ತೆ ಸಗಾನಾ

ಶನಿವಾರ ಬೆಳಿಗ್ಗೆ ಆರಕ್ಕೇ ಹೊರಟೆವು. ಸಗಾನಾದ ಚಹಾದಂಗಡಿ ಬರುವ ಹೊತ್ತಿಗೆ ಎಂಜಿನ್ ಚೆನ್ನಾಗಿ ಕಾದಿತ್ತು. ವಂಜಿರು ಇಳಿಜಾರಿನ ನೆತ್ತಿಯಲ್ಲಿ ನಿಲ್ಲಿಸಲಿಲ್ಲ. ಅಂಗಡಿಯ ಹಿಂದಿನ ಸಪಾಟು ಅಂಗಳಕ್ಕೆ ತಿರುಗಿಸಿ, ಬಂದ್ ಮಾಡಿ, ಕೀಲಿಯನ್ನು ಕೈಚೀಲಕ್ಕೆ ಹಾಕಿಕೊಂಡು ಇಳಿದರು. ಎರಡು ಚಹಾ ಹೇಳಿ, ಬೆಂಚಿನ ಮೇಲೆ ಕೂತರು. ಬೆಂಚು ವಾಲಿತು. ಅಂಗಡಿಯ ಹೆಂಗಸು ಪೋಲೆ ಎಂದಳು.

ನಾನು ಗಾಡಿಯ ಹತ್ತಿರ ಹೋಗಿ, ಒಂದು ವಾರ ಕಾಲುಗಳ ನಡುವೆ ಇಟ್ಟುಕೊಂಡಿದ್ದ ಕಲ್ಲನ್ನು ಎತ್ತಿಕೊಂಡು ಬಂದೆ. ವಂಜಿರ ಮುಖ ನೋಡಿದೆ. ಅವರು ಚಹಾದ ಲೋಟ ಎತ್ತಿ ಹಿಡಿದು, ಕೂತಲ್ಲಿಂದಲೇ ತುಸು ಮೇಲೆದ್ದರು. ಚಪ್ಪಟೆ ಮೈ ಕೆಳಗೆ ಮಾಡಿ ಕಲ್ಲನ್ನು ಬೆಂಚಿನ ಮೋಟುಕಾಲಿನ ಅಡಿಗೆ ತಳ್ಳಿದೆ. ಸರಿಯಾಗಿ ಕೂತಿತು.

ಆಮೇಲೆ ಗೋಣಿತಟ್ಟು ತೆಗೆದುಕೊಂಡು, ತೋಯಿಸುವುದಕ್ಕೆ ಅಂಗಡಿಯ ನಲ್ಲಿಯ ಕಡೆ ಹೋದೆ.